ಕಡತದಲ್ಲಿ ಇಲ್ಲದ ಮಾತು

ವಿಧವೆಯ ಪಾತ್ರವನ್ನು ಯಾರೂ ನನ್ನ ಮೇಲೆ ಹೇರಲಿಲ್ಲ. ನಾನೇ ಕೇಳಿ ತೆಗೆದುಕೊಂಡೆ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಏಕೆಂದರೆ ಆಮೇಲೆ ನನ್ನ ಬಗ್ಗೆ ಮರುಗಿದವರೆಲ್ಲ, ಜೊತೆಗೆ ಓದುತ್ತಿದ್ದ ಹುಡುಗರೇ ಬಲವಂತ ಮಾಡಿ ನನ್ನನ್ನು ಕಟಕಟೆ ಹತ್ತಿಸಿದರು ಎಂದುಕೊಂಡರು. ಅದು ನಿಜವಲ್ಲ.

ನಾನಾಗ ಮೈಸೂರಿನ ಒಂದು ಕಾನೂನು ಕಾಲೇಜಿನಲ್ಲಿ ಎರಡನೇ ವರ್ಷದಲ್ಲಿದ್ದೆ. ಹುಣಸೂರಿನಲ್ಲಿ ಬಿ.ಎ. ಮುಗಿಸಿ, ಹನಗೋಡಿನ ಹತ್ತಿರದ ಹಳ್ಳಿಗೆ ಮದುವೆಯಾಗಿ ಬಂದು, ಅಲ್ಲಿಂದಾಚೆಗೆ ಹೊಗೆಸೊಪ್ಪಿನ ಕೆಲಸದಲ್ಲೇ ವರ್ಷಗಳನ್ನು ಕಳೆದವಳು. ನಮಗೆ ಮಕ್ಕಳಾಗಲಿಲ್ಲ. ಗಂಡ ತೀರಿಕೊಂಡ ಮೇಲೆ ಜಮೀನಿನ ಖಾತೆ ಮಾಡಿಸಲು ತಾಲ್ಲೂಕು ಕಚೇರಿಗೆ ಅಲೆಯುತ್ತಿದ್ದಾಗ, ಅಲ್ಲಿ ಕಂಡ ವಕೀಲರೊಬ್ಬರು, "ಡಿಗ್ರಿ ಆಗೈತಲ್ಲಮ್ಮ, ನೀವೇ ಲಾ ಓದ್ಬುಡಿ, ನಮ್ಗೂ ತಲೆನೋವು ತಪ್ಪುತ್ತೆ" ಎಂದು ನಕ್ಕರು. ಜೊತೆಗಿದ್ದ ಅತ್ತೆ ಅದನ್ನು ತಮಾಷೆ ಎಂದು ತಿಳಿಯಲಿಲ್ಲ. ಬಸ್ ಸ್ಟ್ಯಾಂಡಿಗೆ ನಡೆಯುತ್ತಾ, "ಸೇರ್ಕೊ ಮಗ. ಮನೇಲಿ ಕುಂತು ಗೋಡೆ ನೋಡೋದ್ಕಿಂತ ವಾಸಿ ಕಣ" ಎಂದರು. ಹೀಗೆ ನಾನು ಮೂವತ್ತಾರನೇ ವಯಸ್ಸಿನಲ್ಲಿ ಬಸ್ ಪಾಸ್ ಮಾಡಿಸಿದೆ.

ಅಣಕು ವಿಚಾರಣೆ ಎಂದರೆ ಕಟ್ಟಿದ ಮೊಕದ್ದಮೆಯನ್ನು ನಿಜವಾದ ಕೋರ್ಟಿನ ಹಾಗೆಯೇ ನಡೆಸುವ ಸ್ಪರ್ಧೆ. ನಡೆಸುವವರು ಎಲ್ಲ ಕಾಲೇಜುಗಳಿಗೂ ಒಂದೇ ಕಡತ ಕೊಡುತ್ತಾರೆ. ಯಾರು ಸತ್ತರು, ಆರೋಪ ಯಾರ ಮೇಲೆ, ಯಾವ ಸಾಕ್ಷಿ ಪೊಲೀಸರ ಮುಂದೆ ಏನು ಹೇಳಿದ, ಎಲ್ಲವೂ ಅದರಲ್ಲಿರುತ್ತದೆ. ಒಂದು ತಂಡ ಸರ್ಕಾರದ ಕಡೆ, ಇನ್ನೊಂದು ಆರೋಪಿಯ ಕಡೆ. ವಕೀಲರೂ ನಾವೇ, ಸಾಕ್ಷಿಗಳೂ ನಾವೇ. ನ್ಯಾಯಾಧೀಶರ ಜಾಗದಲ್ಲಿ ಮಾತ್ರ ನಿಜವಾದ ವಕೀಲರನ್ನೋ ನಿವೃತ್ತ ನ್ಯಾಯಾಧೀಶರನ್ನೋ ಕೂರಿಸುತ್ತಾರೆ. ಯಾರು ಗೆದ್ದರು ಎಂಬುದಕ್ಕಿಂತ ಹೇಗೆ ನಡೆಸಿದರು ಎಂಬುದಕ್ಕೆ ಅಂಕ. ನಿಯಮಗಳಲ್ಲಿ ದಪ್ಪ ಅಕ್ಷರದಲ್ಲಿದ್ದದ್ದು ಒಂದೇ: ಸಾಕ್ಷಿಯಾದವರು ಕಡತದಲ್ಲಿ ಇಲ್ಲದ ಸಂಗತಿಯನ್ನು ಹೇಳುವಂತಿಲ್ಲ.

ನಮ್ಮ ತಂಡದಲ್ಲಿ ನಾಲ್ವರು. ನಮ್ಮನ್ನು ತಯಾರು ಮಾಡುತ್ತಿದ್ದ ಮೇಡಂ ನಮ್ಮನ್ನು "ನಾಲ್ಕು ತಾಲ್ಲೂಕು" ಎಂದೇ ಕರೆಯುತ್ತಿದ್ದರು. ಸಾಲಿಗ್ರಾಮದಿಂದ ಕೆ.ಆರ್. ನಗರದ ಮೇಲೆ ಬರುತ್ತಿದ್ದ ಹುಡುಗಿ ನಮ್ಮ ಸರ್ಕಾರಿ ವಕೀಲೆ. ಕಡ್ಡಿ ಮುರಿದಂತೆ ಮಾತು, ಎಡಗೈಯಲ್ಲಿ ಯಾವಾಗಲೂ ಪೆನ್ನು. ಪಿರಿಯಾಪಟ್ಟಣದ ಹುಡುಗ ಸಬ್ ಇನ್‌ಸ್ಪೆಕ್ಟರ್ ಸಾಕ್ಷಿ. ಅದೇ ತಾಲ್ಲೂಕಿನ ಕೊಪ್ಪದಲ್ಲಿ ಅವನ ಅಪ್ಪನ ಟೀ ಅಂಗಡಿ. ಎಚ್.ಡಿ. ಕೋಟೆಯ ಹುಡುಗ ಎರಡನೇ ವಕೀಲ. ಮಾತು ಕಡಿಮೆ, ಆದರೆ ಕಡತದ ಯಾವ ಪುಟದಲ್ಲಿ ಏನಿದೆ ಎಂದು ನಾಲಿಗೆಯ ತುದಿಯಲ್ಲೇ ಇಟ್ಟುಕೊಂಡಿದ್ದ. ಮೂವರೂ ನನಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವರು. ನನ್ನನ್ನು "ಅಕ್ಕ" ಎನ್ನುತ್ತಿದ್ದರು.

ಆ ವರ್ಷದ ಕಡತದಲ್ಲಿದ್ದದ್ದು ನಾಲೆ ನೀರಿನ ಜಗಳ. ರೈತನೊಬ್ಬನ ತಲೆಗೆ ಪೆಟ್ಟು ಬಿದ್ದಿದೆ. ಕಂಡವರಿಲ್ಲ. ಹೆಂಡತಿ ಅವನನ್ನು ಗೂಡ್ಸ್ ಆಟೋದಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಹೋಗುವಾಗ, ಅವನು "ಹೊಡೆದವನು ಪಕ್ಕದ ಹೊಲದವನು" ಎಂದು ಹೇಳಿ ಪ್ರಾಣ ಬಿಡುತ್ತಾನೆ. ಸಾಯುವವನು ತನ್ನ ಸಾವಿನ ಬಗ್ಗೆ ಆಡಿದ ಮಾತಿಗೆ ಕಾನೂನಿನಲ್ಲಿ ಬೆಲೆಯಿದೆ. ಹೆಂಡತಿ ನಂಬುವಂಥವಳು ಅನ್ನಿಸಿದರೆ ಆ ಮಾತು ನಿಲ್ಲುತ್ತದೆ. ಅವಳು ಒಂದು ಕಡೆ ಸುಳ್ಳಾಡಿದ್ದಾಳೆ ಅನ್ನಿಸಿದರೂ ಇಡೀ ಮೊಕದ್ದಮೆ ಬೀಳಬಹುದು. ಕಡತದಲ್ಲಿ ಅವಳ ಹೇಳಿಕೆ ಮುಗಿಯುತ್ತಿದ್ದದ್ದು ಹೀಗೆ: "ಆಮೇಲೆ ನನ್ನ ಗಂಡ ಮಾತಾಡಲಿಲ್ಲ."

ಹೆಂಡತಿಯ ಪಾತ್ರಕ್ಕೆ ಸಾಲಿಗ್ರಾಮದ ಹುಡುಗಿ, ವಕೀಲೆಯ ಪಾತ್ರಕ್ಕೆ ನಾನು ಎಂದು ಮೊದಲು ಹಂಚಿಕೆಯಾಗಿತ್ತು. ಬೇಕೆಂದೇ ಹಾಗೆ ಹಂಚಿದ್ದರು. ಯಾರೂ ಕಾರಣ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆದರೆ ವಕೀಲೆಯಾಗಿ ನಿಂತರೆ ನನ್ನ ಮಾತು ತಡವರಿಸುತ್ತಿತ್ತು. ಆ ಹುಡುಗಿಗೋ ವಿಧವೆಯಾಗಿ ಬಾಯಿ ತೆರೆದ ತಕ್ಷಣ ನಗು. ಮೂರನೇ ಸಲವೂ ಅವಳು ಕಿಸಕ್ಕೆಂದಾಗ ಪಿರಿಯಾಪಟ್ಟಣದ ಹುಡುಗ, "ಏನಮ್ಮೀ, ಗಂಡ ಸತ್ತೋದ್ನಾ ಇಲ್ಲ ಲಾಟ್ರಿ ಒಡೀತಾ?" ಎಂದುಬಿಟ್ಟ. ಎಲ್ಲರೂ ನಕ್ಕರು. ಆಮೇಲೆ ನಾನು ಅಲ್ಲಿರುವುದು ನೆನಪಾಗಿ ಅವನ ಮುಖ ಇಳಿದುಹೋಯಿತು.

"ಅಕ್ಕ, ತಪ್ಪಾಯ್ತು. ನಾನು..."

"ಬುಡು. ಅದನ್ನ ನಾನೇ ಮಾಡ್ತೀನಿ, ಇಲ್ಕೊಡು" ಎಂದೆ.

ಅವತ್ತು ಹೇಳಿಕೆಯನ್ನು ಓದಿದಂತೆಯೇ ಹೇಳಿದೆ. ಅಳಲಿಲ್ಲ. ನಾನು ಮುಗಿಸಿದಾಗ ಸಾಲಿಗ್ರಾಮದ ಹುಡುಗಿ ಕಣ್ಣು ಒರೆಸಿಕೊಂಡಳು. ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಆಯ್ತು. ಇದೇ ಇರಲಿ" ಎಂದರು. ನನಗೆ ಆಗ ಆದದ್ದು ದುಃಖವಲ್ಲ, ಖುಷಿ. ಗಂಡ ಹೋದ ಮೇಲೆ ಎಲ್ಲರೂ ನನ್ನನ್ನು ಪಾಪ ಎಂದು ನೋಡಿದ್ದರು. ಚೆನ್ನಾಗಿ ಮಾಡಿದೆ ಎಂದು ಯಾರಾದರೂ ನೋಡಿದ್ದು ಅದೇ ಮೊದಲು. ಬಸ್ಸಿನಲ್ಲಿ ಮನೆಗೆ ಬರುವಾಗ ಕಿಟಕಿಯ ಗಾಜಿನಲ್ಲಿ ನನ್ನ ಮುಖ ನೋಡಿಕೊಂಡೆ. ಗಂಡ ಸತ್ತಿದ್ದರಿಂದ ನನಗೆ ಬಂದ ಒಂದು ವಿದ್ಯೆಯ ಹಾಗೆ ಆ ಖುಷಿಯನ್ನು ಮನೆಗೆ ತಂದೆ.

"ಆಮೇಲೆ ನನ್ನ ಗಂಡ ಮಾತಾಡಲಿಲ್ಲ" ಎಂಬ ಸಾಲು ನನಗೆ ಹೊಸದೂ ಆಗಿರಲಿಲ್ಲ.

ನನ್ನ ಗಂಡ ಸತ್ತದ್ದು ಯಾರ ಪೆಟ್ಟಿನಿಂದಲೂ ಅಲ್ಲ. ಮುರಿದು ತಂದ ಹೊಗೆಸೊಪ್ಪನ್ನು, ಅದನ್ನು ಒಣಗಿಸಿ ಹದಮಾಡುವ ಬ್ಯಾರನ್ ಮನೆಯ ಮುಂದೆ ಕೂತು ಕಡ್ಡಿಗೆ ಕಟ್ಟುತ್ತಿದ್ದಾಗ ಎದೆ ಹಿಡಿದುಕೊಂಡು ಹಾಗೇ ಗೋಡೆಗೆ ಒರಗಿದರು. ಪಕ್ಕದ ಮನೆಯವರು ತಮ್ಮ ವ್ಯಾನ್ ತಂದರು. ಅತ್ತೆ ಹೊಲದಲ್ಲಿದ್ದರು. ಅವರಿಗೆ ಸುದ್ದಿ ಮುಟ್ಟುವಷ್ಟರಲ್ಲಿ ನಾವು ಹುಣಸೂರು ದಾಟಿ ಮೈಸೂರಿನ ದೊಡ್ಡಾಸ್ಪತ್ರೆಯ ದಾರಿಯಲ್ಲಿದ್ದೆವು. ಗಂಡನ ತಲೆ ನನ್ನ ತೊಡೆಯ ಮೇಲಿತ್ತು. ಬಿಳಿಕೆರೆ ದಾಟಿದ ಮೇಲೆ ಅವರು ಕಣ್ಣು ಬಿಟ್ಟು, "ಕಾಲು ತಣ್ಣಗಾಯ್ತಾವೆ ಕಣೆ, ಮುಚ್ಚು" ಎಂದರು. ಸೊಪ್ಪಿನ ಅಂಟು ತಾಗದಿರಲಿ ಎಂದು ನಾನು ಸೀರೆಯ ಮೇಲೆ ಅವರದೇ ಹಳೆಯ ಶರ್ಟು ಹಾಕಿಕೊಂಡಿದ್ದೆ. ನಮ್ಮ ಕಡೆ ಸೊಪ್ಪಿನ ಕೆಲಸಕ್ಕೆ ಹೆಂಗಸರೆಲ್ಲ ಹಾಗೇ. ಅದನ್ನು ಬಿಚ್ಚಿ ಬಗ್ಗಿ ಅವರ ಪಾದಕ್ಕೆ ಸುತ್ತಿದೆ. ನೆಟ್ಟಗೆ ಕೂರುವಷ್ಟರಲ್ಲಿ ಅವರು ಇರಲಿಲ್ಲ.

ಮನೆಗೆ ಬಂದವರೆಲ್ಲ ಒಂದೇ ಪ್ರಶ್ನೆ ಕೇಳಿದರು. "ಏನಾರ ಅಂದ್ನಾ? ಯಾರ್ನಾರ ಕೇಳುದ್ನಾ?" ಅತ್ತೆ ಕೇಳಲಿಲ್ಲ. ಬೇರೆಯವರು ಕೇಳಿದಾಗ ನನ್ನ ಬಾಯನ್ನೇ ನೋಡುತ್ತಿದ್ದರು. ಅವರು ಯಾವ ಮಾತಿಗೆ ಕಾಯುತ್ತಿದ್ದಾರೆ ಎಂದು ನನಗೆ ಗೊತ್ತಿತ್ತು. ಒಬ್ಬನೇ ಮಗ. ನನ್ನ ಹತ್ತಿರ ಇದ್ದದ್ದೋ ಕಾಲಿನ ಮಾತು. ಅದರಲ್ಲಿ ಅವ್ವ ಇರಲಿಲ್ಲ. ಅದನ್ನು ಹೇಳಿದರೆ, ಮಗ ತನ್ನನ್ನು ಕೇಳಲಿಲ್ಲ ಎಂಬುದು ಅತ್ತೆಗೆ ಖಚಿತವಾಗುತ್ತಿತ್ತು. ಅದಕ್ಕೇ, "ಇಲ್ಲ, ಮಾತಾಡ್ಲಿಲ್ಲ" ಎಂದೆ. ಅತ್ತೆಗಾಗಿ ಹಾಗಂದೆ ಎಂದು ಬಹಳ ದಿನ ನಂಬಿದ್ದೆ. ಆ ಮಾತು ನನ್ನೊಬ್ಬಳಿಗೇ ಇರಲಿ ಎಂಬ ಆಸೆಯೂ ಅದರೊಳಗಿತ್ತು.

ಭಾನುವಾರಗಳಲ್ಲಿ ತಂಡ ಒಬ್ಬೊಬ್ಬರ ಊರಿನಲ್ಲಿ ಸೇರುತ್ತಿತ್ತು. ಕೊಪ್ಪದ ಟೀ ಅಂಗಡಿಯ ಹಿಂದೆ ಒಮ್ಮೆ ವಿಚಾರಣೆ ನಡೆಸಿದಾಗ, ಕೊಡಗಿನ ಕಡೆಗೆ ಹೋಗುವ ಲಾರಿಯವನೊಬ್ಬ ಟೀ ಲೋಟ ಹಿಡಿದು ಬಂದು, "ಯಾರ್ ಸತ್ತೋಗಿರೋದು ಸಾ? ಪೋಲಿಸ್‌ಗೆ ಏಳುದ್ರಾ?" ಎಂದು ಗಾಬರಿಯಾಗಿದ್ದ. ನಮ್ಮ ಮನೆಯ ಸರದಿ ಬಂದಾಗ ನ್ಯಾಯಾಧೀಶರ ಜಾಗ ಖಾಲಿ ಇತ್ತು. ಪಿರಿಯಾಪಟ್ಟಣದ ಹುಡುಗ ಜಗಲಿಯ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿ, ಅವರೆಕಾಯಿ ಬಿಡಿಸುತ್ತಿದ್ದ ಅತ್ತೆಯನ್ನು ಕರೆದು ಕೂರಿಸಿದ.

"ಅಜ್ಜಿ, ನೀವೇ ಜಡ್ಜು. ಸುಮ್ನೆ ಕೂತ್ಕೊಂಡು ಕೇಳ್ಬೇಕು. ಕೊನೇಲಿ ತೀರ್ಪು."

"ಸುಮ್ನೆ ಕೂರೋನು ಜಡ್ಜ್ ಆಯ್ತಾನಾ? ನಡಿ, ಸುರು ಮಾಡು."

ಅವರು ಸುಮ್ಮನೆ ಕೂರಲಿಲ್ಲ. ಇನ್‌ಸ್ಪೆಕ್ಟರ್ ಆಗಿದ್ದ ಹುಡುಗ, ಸುದ್ದಿ ಬಂದ ಕೂಡಲೇ ಸ್ಥಳಕ್ಕೆ ಹೋದೆ ಎಂದಾಗ, "ಸುಳ್ಳು. ಪೋಲಿಸ್ನೋರು ಕೂಡ್ಲೆ ಬಂದುದ್ದು ನಾನೆಲ್ಲೂ ಕಾಣೆ. ಇವ್ನ ಸಾಕ್ಸಿ ತಕ್ಕಬೇಡಿ" ಎಂದು ಸಿಪ್ಪೆಯನ್ನು ಅವನ ಮೇಲೆ ಎಸೆದರು. ಕೋಟೆಯ ಹುಡುಗ, "ಅಜ್ಜಿ, ಕಡತದಲ್ಲಿ ಅಂಗೇ ಐತೆ" ಎಂದ. "ಕಡ್ತ ಬರ್ದೋನ್ಗೆ ಊರು ಗೊತ್ತಿಲ್ಲ ಬುಡು" ಎಂದು ತಳ್ಳಿಹಾಕಿದರು. ಮಧ್ಯಾಹ್ನ ಎಲ್ಲರಿಗೂ ಮುದ್ದೆ, ಅವರೆಕಾಳಿನ ಸಾರು. ಉಣ್ಣುತ್ತಿದ್ದಾಗಲೂ ಸಾಲಿಗ್ರಾಮದ ಹುಡುಗಿಗೆ, "ನೀನು ಕೈ ಬೀಸ್ಬೇಡ ಕೂಸೇ, ಸೊಳ್ಳೆ ಒಡ್ದಂಗೆ ಕಾಣ್ತದೆ" ಎಂದು ಬುದ್ಧಿ ಹೇಳಿದರು. ಅವರು ಅಷ್ಟು ಮಾತಾಡಿದ್ದನ್ನು ನಾನು ಎಷ್ಟೋ ದಿನದಿಂದ ಕೇಳಿರಲಿಲ್ಲ.

ಅತ್ತೆಯ ಎದುರು ನನ್ನ ಸಾಕ್ಷಿಯ ಭಾಗವನ್ನು ಮಾತ್ರ ನಾವು ಅಭ್ಯಾಸ ಮಾಡಲಿಲ್ಲ. ಯಾರೂ ಹೇಳಿಕೊಡದೆಯೇ ಆ ಮೂವರೂ, ಹೆಂಡತಿಯ ಸರದಿ ಬಂದಾಗ ಪುಟ ಮಗುಚಿ ಮುಂದಿನ ಸಾಕ್ಷಿಗೆ ಹೋಗುತ್ತಿದ್ದರು.

ಮೊದಲ ಸುತ್ತು ಮಂಡ್ಯದಲ್ಲಿ. ಕಡತದಲ್ಲಿ ಇದ್ದಷ್ಟೇ ಹೇಳಿ ಇಳಿದೆ. ಗೆದ್ದೆವು. ಎರಡನೆಯದು ಮೈಸೂರಿನಲ್ಲೇ, ಬೇರೊಂದು ಕಾಲೇಜಿನ ಸಭಾಂಗಣದಲ್ಲಿ. ಅದನ್ನು ಗೆದ್ದರೆ ಬೆಂಗಳೂರಿನ ಕೊನೆಯ ಸುತ್ತು. ನಮ್ಮಂಥ ಬಸ್ ಪಾಸಿನವರ ತಂಡ ಅಲ್ಲಿಯವರೆಗೆ ಹೋದದ್ದಿಲ್ಲ ಎಂದು ಮೇಡಂ ಹೇಳಿದ್ದರು. ಕೋಟೆಯ ಹುಡುಗನಿಗಂತೂ ಮುಂದೆ ಒಳ್ಳೆಯ ವಕೀಲರ ಹತ್ತಿರ ಸೇರಲು ಅದೊಂದೇ ದಾರಿ ಎಂಬ ನಂಬಿಕೆ.

ಹಿಂದಿನ ದಿನ ಅತ್ತೆ, "ನಾನೂ ಬತ್ತೀನಿ. ನಾನೂ ಜಡ್ಜೇ ಅಲ್ವಾ" ಎಂದರು. ನಾನು ಪಾತ್ರೆ ತೊಳೆಯುತ್ತಿದ್ದೆ. ತಿರುಗದೆಯೇ ಹೇಳಿದೆ:

"ಅತ್ತೆ, ಅದ್ರಲ್ಲಿ ನಾನು ಗಂಡ ಸತ್ತೋಳು."

"ಗೊತ್ತು ಕಣವ್ವ. ಆ ಐಕ್ಳು ನನ್ ಮುಂದೆ ಅದನ್ನ ನುಂಗ್ತಿದ್ದುದ್ದು ನಂಗೆ ಕಾಣ್ದಾ?" ಎಂದರು. ತೊಳೆದ ಪಾತ್ರೆಗಳನ್ನು ಜೋಡಿಸುತ್ತಾ, "ಬರ್ಕೊಟ್ಟುದ್ದು ತಾನೇ? ಏಳು, ಏನಾದದು" ಎಂದರು.

ಬರೆದುಕೊಟ್ಟದ್ದು ತಾನೇ. ಆ ಧೈರ್ಯದ ಮೇಲೆ ಅವರು ಬಂದರು. ಮರುದಿನ ಬೆಳಿಗ್ಗೆ ಒಗೆದಿಟ್ಟ ಸೀರೆ ಉಟ್ಟು, ಎಲ್ಲರಿಗೂ ಆಗುವಷ್ಟು ಬೇಯಿಸಿದ ಕಡಲೆಕಾಯಿ ಕಟ್ಟಿಕೊಂಡು ಹೊರಟರು. ಸಭಾಂಗಣದ ಹಿಂದಿನ ಸಾಲಿನಲ್ಲಿ, ಬೇರೆ ಕಾಲೇಜಿನ ಹುಡುಗಿಯರ ನಡುವೆ ಕೂತರು.

ನನ್ನ ಸರದಿ ಬಂದಾಗ ಊಟದ ಹೊತ್ತು ಹತ್ತಿರವಾಗಿತ್ತು. ಸಾಲಿಗ್ರಾಮದ ಹುಡುಗಿ ಕ್ರಮವಾಗಿ ಕೇಳುತ್ತಾ ಬಂದಳು. ಗದ್ದೆ, ಆಟೋ, ದಾರಿ, ಪಕ್ಕದ ಹೊಲದವನ ಮಾತು. ನ್ಯಾಯಾಧೀಶರು ಗೋಡೆಯ ಗಡಿಯಾರ ನೋಡಿದರು. ಆಮೇಲೆ ಪೆನ್ನಿನ ಮುಚ್ಚಳ ಹಾಕಿದರು. ನಾನು ಅದನ್ನು ನೋಡಿದೆ.

"ಆಮೇಲೆ ಏನಾಯಿತು?" ಎಂದಳು ಹುಡುಗಿ. ಇದು ಕೊನೆಯ ಪ್ರಶ್ನೆ. ಉತ್ತರ ಕಡತದಲ್ಲಿತ್ತು.

"ಆಮೇಲೆ ಅವರು, ಕಾಲು ತಣ್ಣಗಾಯ್ತಾವೆ ಕಣೆ, ಮುಚ್ಚು ಅಂದರು. ನಾನು ಮುಚ್ಚಿದೆ. ಆಮೇಲೆ ಮಾತಾಡಲಿಲ್ಲ."

ತಾನಾಗಿ ಬಾಯಿಂದ ಬಂತು ಎಂದು ಆಮೇಲೆ ಮೇಡಂಗೆ ಹೇಳಿದೆ. ಅದು ಅರ್ಧ ನಿಜ. ಆ ನ್ಯಾಯಾಧೀಶರು ತಲೆಯೆತ್ತಿ ನನ್ನನ್ನು ನೋಡಲಿ ಎಂದು ನನಗೆ ಅನ್ನಿಸಿತ್ತು. ಅವರು ನೋಡಿದರು. ಇಡೀ ಸಭಾಂಗಣ ನೋಡಿತು. ನ್ಯಾಯಾಧೀಶರು ಪೆನ್ನಿನ ಮುಚ್ಚಳ ತೆಗೆದು ಏನೋ ಬರೆದುಕೊಂಡರು. ಆ ಒಂದು ಕ್ಷಣ, ತರಗತಿಯಲ್ಲಿ ಮೊದಲ ದಿನ ಆದ ಖುಷಿಯೇ ಮತ್ತೆ ನನ್ನ ಎದೆಯಲ್ಲಿ ಎದ್ದಿತು.

ಸಾಲಿಗ್ರಾಮದ ಹುಡುಗಿಯ ಕೈಯ ಪೆನ್ನು ನಿಂತುಹೋಯಿತು. ಕೋಟೆಯ ಹುಡುಗ ಕಡತದ ಪುಟ ತೆಗೆದು, ಅದರಲ್ಲಿ ಇಲ್ಲವೆಂದು ಗೊತ್ತಿದ್ದರೂ ಬೆರಳಿಟ್ಟು ಹುಡುಕಿದ.

ಎದುರು ಕಡೆಯ ವಕೀಲ ತೆಳ್ಳಗಿನ, ಮರ್ಯಾದಸ್ಥ ಹುಡುಗ. ಪಾಟಿ ಸವಾಲಿಗೆ ಎದ್ದವನು ನನಗೆ ಮೊದಲು ನಮಸ್ಕಾರ ಮಾಡಿದ.

"ಅಮ್ಮ, ಪೊಲೀಸರ ಮುಂದೆ ನೀವು ಕೊಟ್ಟ ಹೇಳಿಕೆ ಇದೇ ಅಲ್ಲವೇ?"

"ಹೌದು."

"ಕಾಲು ತಣ್ಣಗಾಗಿದೆ ಎಂದು ಗಂಡ ಹೇಳಿದರು ಅಂತ ಇದರಲ್ಲಿ ಎಲ್ಲಾದರೂ ಇದೆಯೇ?"

"ಇಲ್ಲ."

"ಇವತ್ತಿನವರೆಗೆ ಬೇರೆ ಯಾರಿಗಾದರೂ ಈ ಮಾತು ಹೇಳಿದ್ದೀರಾ?"

ಈ ಪ್ರಶ್ನೆಯನ್ನು ಅವನು ಮೊಕದ್ದಮೆಯ ಹೆಂಡತಿಗೆ ಕೇಳಿದ್ದ. "ಇಲ್ಲ" ಎಂದೆ. ಹಿಂದಿನ ಸಾಲಿನ ಕಡೆ ಕಣ್ಣು ಹೋಗದಂತೆ ಅವನ ಕೊರಳಪಟ್ಟಿಯನ್ನೇ ನೋಡಿದೆ.

"ಹಾಗಾದರೆ ನ್ಯಾಯಾಲಯದ ಅನುಕಂಪ ಸಿಗಲಿ ಎಂದು ಈ ಮಾತನ್ನು ನೀವು ಇವತ್ತು ಹುಟ್ಟಿಸಿದ್ದೀರಿ. ನಿಮ್ಮ ಗಂಡ ಹಾಗೆ ಹೇಳಲೇ ಇಲ್ಲ ಎಂದರೆ ಸರಿಯೇ?"

ಹೌದು ಅವರು ಹೇಳಿದರು ಎಂದು ಹಟ ಹಿಡಿದರೆ ಏನಾಗುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಕಡತ ಮೀರಿದ್ದಕ್ಕೆ ಅಂಕ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಒಂದು ಮಾತು ಕಟ್ಟಿದವಳು ಪಕ್ಕದ ಹೊಲದವನ ಮಾತನ್ನೂ ಕಟ್ಟಿರಬಹುದು ಎಂದು ಅವನು ಮುಂದಿನ ಪ್ರಶ್ನೆ ಕೇಳುತ್ತಾನೆ. ಅಲ್ಲಿಗೆ ಮುಗಿಯಿತು. ತಪ್ಪಾಯಿತೆಂದು ಒಪ್ಪಿಕೊಂಡರೆ ಗಾಯ ಅಲ್ಲಿಗೇ ನಿಲ್ಲುತ್ತದೆ. ಇದನ್ನು ನಮಗೆ ಮೇಡಂ ಎಷ್ಟೋ ಸಲ ಹೇಳಿದ್ದರು. ನಮ್ಮ ತಂಡದ ಮೂರು ಮಕ್ಕಳು ಬೆಂಚಿನ ಮೇಲೆ ನನ್ನನ್ನೇ ನೋಡುತ್ತಾ ಕೂತಿದ್ದರು. ಹಿಂದೆ ಅತ್ತೆ ಇದ್ದರು.

"ಸರಿ" ಎಂದೆ.

"ಅವರು ಹೇಳಲಿಲ್ಲ?"

"ಹೇಳಲಿಲ್ಲ."

"ಧನ್ಯವಾದ ಅಮ್ಮ" ಎಂದು ಅವನು ಕೂತ.

ನಾವು ಗೆದ್ದೆವು. ನ್ಯಾಯಾಧೀಶರು ಕೊನೆಗೆ ಮಾತಾಡುತ್ತಾ ನನ್ನ ವಿಷಯಕ್ಕೆ ಬಂದರು. "ಆ ಹೆಂಡತಿ ಸಾಕ್ಷಿ ಒಂದು ಸುಳ್ಳು ಸೇರಿಸಿದರು. ಆದರೆ ಕೇಳಿದ ಕೂಡಲೇ ಒಪ್ಪಿಕೊಂಡರು, ವಾದ ಮಾಡಲಿಲ್ಲ. ಅದರಿಂದ ಉಳಿದದ್ದನ್ನು ನಂಬುವ ಹಾಗಾಯಿತು. ಪ್ರಾಮಾಣಿಕ ಸಾಕ್ಷಿ ಹೀಗಿರಬೇಕು" ಎಂದರು. ಚಪ್ಪಾಳೆ ಬಿತ್ತು. ಪಿರಿಯಾಪಟ್ಟಣದ ಹುಡುಗ, "ಅಕ್ಕಾ, ನಮ್ ಜೀವ ತಿಂದ್ಬುಟ್ಟು ಆಮೇಲೆ ವಾಪಸ್ ಕೊಟ್ರಲ್ಲ!" ಎಂದು ಕುಣಿದ. ಸಾಲಿಗ್ರಾಮದ ಹುಡುಗಿ ಮಾತ್ರ ನನ್ನ ಕೈ ಹಿಡಿದುಕೊಂಡು, ಏನನ್ನೋ ಕೇಳಲು ಹೋಗಿ ಬಿಟ್ಟಳು. ಅತ್ತೆ ಎಲ್ಲರಿಗೂ ಕಡಲೆಕಾಯಿ ಹಂಚಿದರು. ಫೋಟೋಗೆ ಕರೆದಾಗ, "ನೀವ್ ನಿಂತ್ಕಳಿ" ಎಂದು ದೂರ ಸರಿದರು.

ಬಸ್ಸಿನಲ್ಲಿ ಅವರು ಕಿಟಕಿಯ ಕಡೆ ಕೂತರು. ಬಸ್ಸು ಇಲವಾಲ ದಾಟಿತು. ಬಿಸಿಲಿನ್ನೂ ಇತ್ತು. ನಾನು ಟಿಕೆಟ್ಟನ್ನು ಮಡಿಸುತ್ತಾ ಬಿಚ್ಚುತ್ತಾ ಇದ್ದೆ.

"ಆ ಕಾಲಿಂದು" ಎಂದರು ಅತ್ತೆ, ಹೊರಗೆ ನೋಡುತ್ತಲೇ. "ಅದು ಆಟದ್ದಾ, ನಮ್ದಾ?"

ಅಲ್ಲೂ ನಾನು ಸುಳ್ಳು ಹೇಳಬಹುದಿತ್ತು. ನ್ಯಾಯಾಧೀಶರೇ ಸುಳ್ಳು ಎಂದು ತೀರ್ಮಾನ ಕೊಟ್ಟಿದ್ದರು. ಅವರ ಮಾತಿನ ಹಿಂದೆ ಅಡಗಿಕೊಳ್ಳಬಹುದಿತ್ತು.

"ನಮ್ದು ಅತ್ತೆ."

"ಅವ್ನೇ ಅಂದ್ನಾ?"

"ಹೂಂ."

"ಎಲ್ಲಿ?"

"ಇದೇ ರಸ್ತೇಲಿ. ಇನ್ನೊಂಚೂರು ಮುಂದೆ, ಬಿಳಿಕೆರೆ ಬರೋಕ್ಕಿಂತ ಮೊದ್ಲು."

ಅವರು ಕಿಟಕಿಯ ಸರಳು ಹಿಡಿದುಕೊಂಡು ಮುಂದಕ್ಕೆ ಬಗ್ಗಿ ರಸ್ತೆಯನ್ನು ನೋಡಿದರು. ದಿನಾ ಎರಡು ಸಲ ನಾನು ಹಾದುಹೋಗುವ ಜಾಗ. ಆ ಜಾಗ ಯಾವುದೆಂದು ಅವರಿಗೆ ತೋರಿಸಿದವರೇ ಇರಲಿಲ್ಲ. ನಾನೇ ತೋರಿಸಬೇಕಿತ್ತು. ಈಗ ಕೈ ಎತ್ತಲು ಆಗದೆ, "ಇಲ್ಲೇ" ಎಂದೆ. ಬಸ್ಸು ನಿಲ್ಲದೆ ಹೋಯಿತು. ಅವರು ಕತ್ತು ಹಿಂದಕ್ಕೆ ತಿರುಗಿಸಿ ಕಾಣುವಷ್ಟು ದೂರ ನೋಡಿದರು.

"ಮುಚ್ಚುದ್ಯಾ?"

"ಮೈಮೇಲಿದ್ದ ಶರ್ಟ್ ಬಿಚ್ಚಿ ಸುತ್ತಿದೆ."

"ಸೊಪ್ಪಿನ್ ಅಂಟು ಶರ್ಟು."

"ಹೂಂ."

ತಲೆಯಾಡಿಸಿದರು. ಬಿಳಿಕೆರೆಯಲ್ಲಿ ಜನ ಇಳಿದು ಹತ್ತಿದರು. ಯಾರೋ ಒಬ್ಬರು ಚೀಲ ನಮ್ಮ ಕಾಲ ಬಳಿ ಇಟ್ಟು ಹೋದರು. ಬಸ್ಸು ಮತ್ತೆ ಹೊರಟ ಮೇಲೆ ಅತ್ತೆ ಮೆತ್ತಗೆ ಅಂದರು:

"ಅಷ್ಟು ಜನರ ಮುಂದೆ ಏಳ್ದೆ. ನಂಗೆ ಏಳ್ನಿಲ್ಲ. ಆಮೇಲೆ ಅವ್ನು ಅನ್ನೇ ಇಲ್ಲ ಅಂದ್ಬುಟ್ಟೆ."

ಬೈದಿದ್ದರೆ ಏನಾದರೂ ಹೇಳುತ್ತಿದ್ದೆ. ಅವರು ಬೈಯಲಿಲ್ಲ. ಆದದ್ದನ್ನು ಆದ ಕ್ರಮದಲ್ಲಿ ಹೇಳಿದರು, ಅಷ್ಟೆ. ಆ ಹುಡುಗರ ದಾರಿ ಕೆಡಿಸಬಾರದೆಂದು ಒಪ್ಪಿಕೊಂಡೆ ಎಂದು ನನಗೆ ನಾನೇ ಹೇಳಿಕೊಳ್ಳಬಹುದು. ಆದರೆ ಆ ಮಾತನ್ನು ಅಲ್ಲಿಗೆ ತಂದವಳೂ ನಾನೇ. ಗಂಡನ ಕೊನೆಯ ಮಾತನ್ನು ಅವರ ತಾಯಿಗಿಂತ ಮೊದಲು, ಊಟಕ್ಕೆ ಹೊತ್ತಾಯಿತೆಂದು ಗಡಿಯಾರ ನೋಡುತ್ತಿದ್ದ ಅಪರಿಚಿತರೊಬ್ಬರಿಗೆ ಕೊಟ್ಟೆ. ಬೇಡವೆಂದಾಗ ಅಲ್ಲೇ ಬಿಟ್ಟುಬಂದೆ.

ಬೆಂಗಳೂರಿನ ಸುತ್ತಿಗೆ ಪಾತ್ರ ಬದಲಿಸಿಕೊಳ್ಳೋಣ ಎಂದು ಸಾಲಿಗ್ರಾಮದ ಹುಡುಗಿಯೇ ಕೇಳಿದಳು. ಬೇಡವೆಂದೆ. ಅಲ್ಲಿ ಕಡತದ ಸಾಲುಗಳನ್ನು ಒಂದಕ್ಷರ ಹೆಚ್ಚುಕಡಿಮೆ ಇಲ್ಲದೆ ಹೇಳಿದೆ. "ಆಮೇಲೆ ನನ್ನ ಗಂಡ ಮಾತಾಡಲಿಲ್ಲ." ಸೋತೆವು. ಸಾಕ್ಷಿಯಲ್ಲಿ ಜೀವವಿಲ್ಲ ಎಂದು ಅಲ್ಲಿನ ನ್ಯಾಯಾಧೀಶರು ಬರೆದಿದ್ದರು. ಕೋಟೆಯ ಹುಡುಗ ಬಸ್ಸಿನಲ್ಲಿ ಮೈಸೂರಿನವರೆಗೂ ಕಣ್ಣು ಮುಚ್ಚಿಕೊಂಡಿದ್ದ. ನಿದ್ದೆ ಮಾಡುತ್ತಿರಲಿಲ್ಲ. ಇಳಿಯುವಾಗ, "ಪರ್ವಾಗಿಲ್ಲ ಬುಡಿ ಅಕ್ಕ, ಇಷ್ಟ್ ದೂರ ಬಂದ್ವಲ್ಲ" ಎಂದ.

ಅದಾದ ಮೇಲೆ ಅತ್ತೆ ಆ ಮಾತನ್ನು ಬಂದವರಿಗೆಲ್ಲ ಹೇಳತೊಡಗಿದರು. ಮೊದಮೊದಲು ಇದ್ದ ಹಾಗೆಯೇ ಹೇಳುತ್ತಿದ್ದರು. "ಕಾಲು ತಣ್ಣಗಾಯ್ತಾವೆ, ಮುಚ್ಚು ಅಂದ್ನಂತೆ. ಇವ್ಳು ಮುಚ್ಚುದ್ಲಂತೆ." ಬೇಸಿಗೆ ಬರುವಷ್ಟರಲ್ಲಿ ಅದಕ್ಕೆ ಇನ್ನೊಂದು ಮಾತು ಸೇರಿತ್ತು. ಅದು ಯಾವತ್ತು ಸೇರಿತು ಎಂದು ನಾನು ಗಮನಿಸಲಿಲ್ಲ. ಹಾಲು ಹಾಕಲು ಹೋದಾಗ ಸೊಸೈಟಿಯ ಹತ್ತಿರ ಯಾರೋ ನನ್ನನ್ನು ಕೇಳಿದಾಗಲೇ ಗೊತ್ತಾದದ್ದು. ಸಾಯುವಾಗ ಅವ್ವನನ್ನು ಕೇಳಿದ್ದನಂತಲ್ಲ, ಎಂದರು.

ಒಂದು ಮಧ್ಯಾಹ್ನ ಪಿರಿಯಾಪಟ್ಟಣದಿಂದ ಅತ್ತೆಯ ತಂಗಿ ಬಂದಿದ್ದರು. ಜಗಲಿಯ ಮೇಲೆ ಮೂವರೂ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದೆವು. ಅತ್ತೆ ಹೇಳುತ್ತಿದ್ದರು: "ಅವ್ವ ಎಲ್ಲಿ ಅಂದ್ನಂತೆ ಕಣೆ ಮೊದ್ಲು. ಆಮೇಲೆ ಕಾಲು ಅಂದ್ನಂತೆ."

ತಂಗಿ ನಂಬದವರ ಹಾಗೆ ನನ್ನ ಕಡೆ ತಿರುಗಿದರು. "ನೀನಿದ್ದೋಳು. ನೀನೇಳವ್ವ. ಅಂಗಂದ್ನಾ?"

ಅತ್ತೆ ತಲೆ ತಗ್ಗಿಸಿ ಒಂದು ಬೀಜವನ್ನು ಬಿಡಿಸುತ್ತಲೇ ಇದ್ದರು. ಅದು ಆಗಲೇ ಬಿಟ್ಟಿತ್ತು.

"ಅಂದ್ರು ಚಿಕ್ಕತ್ತೆ" ಎಂದೆ. "ಅವ್ವ ಎಲ್ಲಿ ಅಂದ್ರು. ಹೊಲದಲ್ಲವ್ರೆ, ಬತ್ತಾರೆ ಅಂದೆ. ಆಮೇಲೆ ಕಾಲು ಮುಚ್ಚು ಅಂದ್ರು."

ಮಾತು ತಡವರಿಸಲಿಲ್ಲ. ಕಟಕಟೆಯಲ್ಲಿ ನಿಲ್ಲುವವರಿಗೆ ಹೇಳಿಕೊಡುವಂತೆ ನಿಧಾನವಾಗಿ, ಕೇಳಿದವರ ಮುಖ ನೋಡಿಕೊಂಡು ಹೇಳಿದೆ. ಹೊಲದಲ್ಲಿದ್ದಾರೆ ಎಂಬುದನ್ನು ಸೇರಿಸಿದ್ದು ನಾನೇ. ತಂಗಿ ಸೆರಗು ಬಾಯಿಗೆ ಹಿಡಿದುಕೊಂಡರು. ಅತ್ತೆ ನನ್ನನ್ನು ನೋಡಲಿಲ್ಲ. ಹಣ್ಣಿನ ಕುಕ್ಕೆಯನ್ನು ನನ್ನ ಕಡೆಗೆ ಒಂದಿಷ್ಟು ಸರಿಸಿದರು.

ನನ್ನ ಗಂಡ ಮೊದಲು ಆಡಿದ್ದೂ ಕೊನೆಗೆ ಆಡಿದ್ದೂ ಕಾಲಿನ ಮಾತೊಂದೇ. ಅದನ್ನು ಇದ್ದ ಹಾಗೆ ಇಲ್ಲಿ ಬರೆದಿದ್ದೇನೆ. ಅತ್ತೆಗೆ ಓದಲು ಬರುವುದಿಲ್ಲ.